ಕನ್ನಡಕದಿಂದ ಕಾಂಟ್ಯಾಕ್ಟ್ ಲೆನ್ಸ್‌ಗೆ: ಪವರ್ ಲೆಕ್ಕದಿಂದ ಫಿಟಿಂಗ್ ತನಕ ಸಮಗ್ರ ಮಾರ್ಗದರ್ಶಿ

ಕನ್ನಡಕದ ಚೀಟಿ ತೋರಿಸಿ "ಇದೇ ಪವರಿನ ಲೆನ್ಸ್ ಕೊಡಿ" ಅಂತ ಕೇಳುವವರು ದಿನಾ ಬರುತ್ತಾರೆ. ಆನ್‌ಲೈನ್‌ನಲ್ಲಂತೂ ಕೇಳುವ ಕೆಲಸವೂ ಇಲ್ಲ, ನಂಬರ್ ಒತ್ತಿದರೆ ಡಬ್ಬಿ ಮನೆಗೇ ಬರುತ್ತದೆ. ಆದರೆ ಆ ಚೀಟಿಯಲ್ಲಿ ಲೆನ್ಸ್‌ಗೆ ಬೇಕಾದ ಅರ್ಧ ಮಾಹಿತಿಯೂ ಇರುವುದಿಲ್ಲ. ಪವರ್ ಇರುತ್ತದೆ, ಅಷ್ಟೇ. ಲೆನ್ಸ್‌ನ ಬಾಗು ಎಷ್ಟಿರಬೇಕು, ಅಗಲ ಎಷ್ಟು, ಯಾವ ವಸ್ತುವಿನದ್ದು, ಅದನ್ನು ತಡೆದುಕೊಳ್ಳುವಷ್ಟು ಕಣ್ಣೀರು ನಿಮ್ಮಲ್ಲಿ ಇದೆಯಾ, ಇದ್ಯಾವುದೂ ಅದರಲ್ಲಿ ಇಲ್ಲ. ಇರುವ ಪವರ್ ಕೂಡ ತುಂಬಾ ಜನಕ್ಕೆ ಹಾಗೇ ಹೊಂದುವುದಿಲ್ಲ.

ಲೆನ್ಸ್ ಫಿಟಿಂಗೇ ನನ್ನ ಕೆಲಸ. ಲೆನ್ಸ್ ಹಾಕಬೇಕು ಅಂದುಕೊಂಡವರಿಗೆ ಮೊದಲಿನಿಂದ ಕೊನೆಯ ತನಕ ಏನೇನು ನಡೆಯಬೇಕು, ಯಾಕೆ ನಡೆಯಬೇಕು ಅಂತ ಇಲ್ಲಿ ಬರೆದಿದ್ದೇನೆ. ಲೆಕ್ಕಕ್ಕೆ ಒಂದೇ ಚೀಟಿ ಇಟ್ಟುಕೊಳ್ಳೋಣ: ಬಲಗಣ್ಣು −8.00, ಎಡಗಣ್ಣು −5.50 ಜೊತೆಗೆ ಸಿಲಿಂಡರ್ −2.00, ಆಕ್ಸಿಸ್ 170. ಸಿಲಿಂಡರ್ ಅಂದರೆ ಒಂದು ದಿಕ್ಕಿನಲ್ಲಿ ಮಾತ್ರ ಬೇಕಾಗುವ ಹೆಚ್ಚುವರಿ ಪವರ್, ಆಕ್ಸಿಸ್ ಅಂದರೆ ಅದನ್ನು ಕೂರಿಸುವ ಕೋನ, ಡಿಗ್ರಿಯಲ್ಲಿ. ಕೊನೆಯವರೆಗೂ ಇದನ್ನೇ ಬಳಸುತ್ತೇನೆ.

ಹೆಜ್ಜೆ 1: ಲೆನ್ಸ್‌ನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12ರಿಂದ 14 ಮಿ.ಮೀ. ಮುಂದೆ ಇರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ ಮೇಲೆಯೇ ಇರುತ್ತದೆ, ಮಧ್ಯೆ ಕಣ್ಣೀರಿನ ತೆಳು ಪದರ ಮಾತ್ರ. ಕಾರ್ನಿಯಾ ಅಂದರೆ ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪದರ. ದೃಷ್ಟಿಯಲ್ಲಿ ಕಾಣುವ ವ್ಯತ್ಯಾಸಗಳು ಹುಟ್ಟುವುದೆಲ್ಲ ಈ ಒಂದೂಚಿಲ್ಲರೆ ಸೆಂಟಿಮೀಟರ್‌ನಿಂದ.

ಮೊದಲನೆಯದು, ಗಾತ್ರ. ಮೈನಸ್ ಪವರಿನ ಗಾಜು ಎಲ್ಲವನ್ನೂ ಚಿಕ್ಕದು ಮಾಡಿ ತೋರಿಸುತ್ತದೆ. −8.00 ಇರುವವರಿಗೆ ಲೆನ್ಸ್‌ನಲ್ಲಿ ಕಾಣುವುದಕ್ಕಿಂತ ಕನ್ನಡಕದಲ್ಲಿ ಸುಮಾರು ಶೇ. 9ರಷ್ಟು ಚಿಕ್ಕದಾಗಿ ಕಾಣುತ್ತದೆ. ದೊಡ್ಡ ಮೈನಸ್ ಇರುವವರು ಮೊದಲ ಸಲ ಲೆನ್ಸ್ ಹಾಕಿದಾಗ "ಅಕ್ಷರ ದಪ್ಪ ಆಯ್ತು" ಅನ್ನುವುದು ಇದಕ್ಕೇ. ಚಾರ್ಟ್‌ನಲ್ಲಿ ಒಂದು ಸಾಲು ಜಾಸ್ತಿ ಓದುವವರೂ ಇದ್ದಾರೆ.

ಎರಡನೆಯದು, ಪಕ್ಕಕ್ಕೆ ನೋಡುವುದು. ಕನ್ನಡಕದ ಗಾಜಿನ ನಡುಮಧ್ಯದಿಂದ ನೋಡಿದರೆ ಮಾತ್ರ ವಸ್ತು ಇದ್ದಲ್ಲೇ ಕಾಣುತ್ತದೆ. ಮಧ್ಯದಿಂದ 1 ಸೆಂ.ಮೀ. ಪಕ್ಕದಲ್ಲಿ ನೋಡಿದರೆ, −8.00 ಗಾಜಿನಲ್ಲಿ 8 ಪ್ರಿಸಂ ಡಯಾಪ್ಟರ್ ಪರಿಣಾಮ. ಅಂದರೆ 1 ಮೀಟರ್ ದೂರದ ವಸ್ತು 8 ಸೆಂ.ಮೀ. ಸರಿದು ಕಾಣುತ್ತದೆ. ನಮ್ಮ ಚೀಟಿಯವರಿಗೆ ಬಲಗಣ್ಣಲ್ಲಿ 8, ಎಡಗಣ್ಣಲ್ಲಿ ಐದೂವರೆ. ಎರಡೂ ಕಣ್ಣಿನ ಚಿತ್ರ ಒಂದೊಂದು ಅಳತೆಗೆ ಸರಿಯುತ್ತದೆ, ಮಿದುಳು ಅದನ್ನು ದಿನವಿಡೀ ಹೊಂದಿಸುತ್ತಾ ಇರಬೇಕು. ಹೀಗಾಗಿ ಇಂಥವರು ಕಣ್ಣು ತಿರುಗಿಸುವ ಬದಲು ಕತ್ತನ್ನೇ ತಿರುಗಿಸಿ ನೋಡುವುದನ್ನು ರೂಢಿ ಮಾಡಿಕೊಂಡಿರುತ್ತಾರೆ. ಲೆನ್ಸ್ ಕಣ್ಣಿನ ಜೊತೆಯಲ್ಲೇ ತಿರುಗುವುದರಿಂದ ಯಾವಾಗಲೂ ಮಧ್ಯದಿಂದಲೇ ನೋಡಿದಂತಾಗುತ್ತದೆ. ಫ್ರೇಮ್‌ನ ಅಂಚೂ ಅಡ್ಡ ಬರುವುದಿಲ್ಲ.

ಇನ್ನೊಂದು ಗುಂಪಿಗೆ ಲೆನ್ಸ್ ಶೋಕಿಯಲ್ಲ, ಅಗತ್ಯ. ಒಂದೇ ಕಣ್ಣಿಗೆ ಪೊರೆ ಆಪರೇಷನ್ ಆಗಿ ಒಳಗೆ ಲೆನ್ಸ್ ಕೂರಿಸದೆ ಉಳಿದವರಿಗೆ, ಅದರಲ್ಲೂ ಹುಟ್ಟಿನಿಂದಲೇ ಪೊರೆ ಇದ್ದ ಮಕ್ಕಳಿಗೆ ದೊಡ್ಡ ಪ್ಲಸ್ ಪವರ್ ಬೇಕಾಗುತ್ತದೆ. ಅಂಥ ಕನ್ನಡಕ ಚಿತ್ರವನ್ನು ಕಾಲು ಭಾಗಕ್ಕೂ ಜಾಸ್ತಿ ದೊಡ್ಡದು ಮಾಡುತ್ತದೆ. ಒಂದು ಕಣ್ಣಲ್ಲಿ ಮಾಮೂಲಿ ಗಾತ್ರ, ಇನ್ನೊಂದರಲ್ಲಿ ಅಷ್ಟು ದೊಡ್ಡದು. ಎರಡನ್ನೂ ಸೇರಿಸಿ ಒಂದೇ ಚಿತ್ರ ಮಾಡಿಕೊಳ್ಳಲು ಮಿದುಳಿಗೆ ಆಗುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್‌ನಲ್ಲಿ ಈ ವ್ಯತ್ಯಾಸ ತಡೆದುಕೊಳ್ಳುವ ಮಟ್ಟಕ್ಕೆ ಇಳಿಯುತ್ತದೆ.

ಈಗ ಲೆನ್ಸ್‌ನಿಂದ ಆಗುವ ಕಷ್ಟ. ಇದನ್ನು ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ. ಮೈನಸ್ ಪವರಿನವರು ಕನ್ನಡಕ ಹಾಕಿಕೊಂಡು ಹತ್ತಿರದ್ದನ್ನು ಓದುವಾಗ ಕಣ್ಣಿಗೆ ಶ್ರಮ ಕಡಿಮೆ. −8.00 ಇರುವವರು ಕನ್ನಡಕದಿಂದ 33 ಸೆಂ.ಮೀ. ದೂರದ ಪುಸ್ತಕ ಓದಲು ಸುಮಾರು 2.4 ಡಯಾಪ್ಟರ್ (ಪವರ್ ಅಳೆಯುವ ಮಾನ) ಫೋಕಸ್ ಶಕ್ತಿ ಹಾಕಿದರೆ ಸಾಕು, ಲೆನ್ಸ್‌ನಲ್ಲಿ ಅದೇ ಪುಸ್ತಕಕ್ಕೆ ಸುಮಾರು 2.9 ಬೇಕು. ಇಪ್ಪತ್ತೈದರ ವಯಸ್ಸಿನಲ್ಲಿ ಇದು ಗೊತ್ತೂ ಆಗುವುದಿಲ್ಲ. ನಲವತ್ತೆರಡರಲ್ಲಿ ಗೊತ್ತಾಗುತ್ತದೆ. "ಕನ್ನಡಕದಲ್ಲಿ ಮೊಬೈಲ್ ಓದೋಕಾಗುತ್ತೆ, ಲೆನ್ಸ್ ಹಾಕಿದ್ರೆ ಆಗಲ್ಲ" ಅನ್ನುವ ದೂರಿಗೆ ಕಾರಣ ಇದು. ಲೆನ್ಸ್ ಕೆಟ್ಟಿಲ್ಲ, ಪವರ್ ತಪ್ಪಿಲ್ಲ. ಪ್ಲಸ್ ಪವರಿನವರಿಗೆ ಇದು ಉಲ್ಟಾ, ಅವರಿಗೆ ಲೆನ್ಸ್‌ನಲ್ಲೇ ಓದುವುದು ಸುಲಭ.

ಹೆಜ್ಜೆ 2: ನಿಮ್ಮ ಕಣ್ಣು ಲೆನ್ಸ್‌ಗೆ ತಯಾರಿದೆಯಾ

ಲೆನ್ಸ್ ಕೈಗೆತ್ತಿಕೊಳ್ಳುವ ಮೊದಲು ಸ್ಲಿಟ್ ಲ್ಯಾಂಪ್ ಅನ್ನುವ ಮೈಕ್ರೊಸ್ಕೋಪ್‌ನಲ್ಲಿ ಕಣ್ಣು ನೋಡಲೇಬೇಕು. ಈ ಯಂತ್ರ ಇಲ್ಲದ ಜಾಗದಲ್ಲಿ ಲೆನ್ಸ್ ತಗೋಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಅದರಲ್ಲಿ ನೋಡುವುದು ಏನು? ರೆಪ್ಪೆಯ ಅಂಚು ಸ್ವಚ್ಛವಾಗಿದೆಯಾ, ಹೊಟ್ಟಿನ ಥರ ಪುಡಿ ಅಂಟಿಕೊಂಡಿದೆಯಾ. ಮೇಲಿನ ರೆಪ್ಪೆಯನ್ನು ಮಗುಚಿ ಒಳಗೆ ಅಲರ್ಜಿ ಗುಳ್ಳೆಗಳು ಇವೆಯಾ ನೋಡುತ್ತಾರೆ. ರೆಪ್ಪೆ ಮಗುಚುವುದಕ್ಕೆ ತುಂಬಾ ಜನ ಹೆದರುತ್ತಾರೆ. ನೋವಾಗುವುದಿಲ್ಲ, ದಯವಿಟ್ಟು ಬೇಡ ಅನ್ನಬೇಡಿ. ಆಮೇಲೆ ಕಣ್ಣೀರು. ಹಳದಿ ಬಣ್ಣದ ಫ್ಲೋರಸೀನ್ ಹಾಕಿ, ನೀಲಿ ಬೆಳಕಿನಲ್ಲಿ, ರೆಪ್ಪೆ ಬಡಿಯದೆ ಇರಲು ಹೇಳುತ್ತಾರೆ. ಕಣ್ಣೀರಿನ ಪದರ 10 ಸೆಕೆಂಡಿಗೆ ಮೊದಲೇ ಒಡೆದರೆ ಕಣ್ಣು ಒಣಗುವ ಕಡೆಗೆ ವಾಲಿದೆ ಅಂತ ಲೆಕ್ಕ. ಅಂಥವರಿಗೆ ಲೆನ್ಸ್ ಆಗುವುದೇ ಇಲ್ಲ ಅಂತಲ್ಲ. ಆದರೆ ಮೊದಲು ರೆಪ್ಪೆ ಮತ್ತು ಕಣ್ಣೀರಿಗೆ ಚಿಕಿತ್ಸೆ, ಆಮೇಲೆ ಲೆನ್ಸ್.

ನೀವು ಏನು ಕೆಲಸ ಮಾಡುತ್ತೀರಿ ಅನ್ನುವುದೂ ಪರೀಕ್ಷೆಯ ಭಾಗವೇ. ಬೆಂಗಳೂರಿನ ಎಸಿ ಆಫೀಸಿನಲ್ಲಿ ದಿನವಿಡೀ ಸ್ಕ್ರೀನ್ ನೋಡುವವರು ರೆಪ್ಪೆ ಬಡಿಯುವುದೇ ಕಡಿಮೆ. ಬೇಸಿಗೆಯಲ್ಲಿ ರಾಯಚೂರು, ಬಳ್ಳಾರಿ ಕಡೆ ಬೈಕ್‌ನಲ್ಲಿ ಓಡಾಡುವವರಿಗೆ ಒಣಗಾಳಿ, ಧೂಳು ಎರಡೂ ಇದೆ. ಸಿಮೆಂಟ್, ಕೆಮಿಕಲ್ ಹೊಗೆ ಇರುವ ಕಡೆ ಕೆಲಸ ಮಾಡುವವರಿಗೆ ನಾನು ಲೆನ್ಸ್ ಬೇಡ ಅಂತಲೇ ಹೇಳುತ್ತೇನೆ. ಸಕ್ಕರೆ ಕಾಯಿಲೆ ಇದ್ದರೆ, ಮೊಡವೆಗೆ ಅಥವಾ ಅಲರ್ಜಿಗೆ ಮಾತ್ರೆ ತಗೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಕೆಲವು ಮಾತ್ರೆ ಕಣ್ಣನ್ನು ಒಣಗಿಸುತ್ತವೆ.

ಕಣ್ಣು ಉಜ್ಜುವ ಅಭ್ಯಾಸ ಇದ್ದು, ಸಿಲಿಂಡರ್ ಪವರ್ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಲೆನ್ಸ್‌ಗಿಂತ ಮೊದಲು ಕಾರ್ನಿಯಾದ ಟೊಪೊಗ್ರಫಿ, ಅಂದರೆ ಅದರ ಆಕಾರದ ನಕ್ಷೆ, ಮಾಡಿಸಿ. ಅದು ಕೆರಟೊಕೋನಸ್ ಆಗಿರಬಹುದು, ಅಂದರೆ ಕಾರ್ನಿಯಾ ತೆಳುವಾಗುತ್ತಾ ಮುಂದಕ್ಕೆ ಚೂಪಾಗುವ ತೊಂದರೆ. ಹದಿಹರೆಯದಲ್ಲಿ ಬೇಗ ಪತ್ತೆ ಆದರೆ ಮುಂದುವರಿಯದಂತೆ ತಡೆಯುವ ಚಿಕಿತ್ಸೆ ಇದೆ. ಸುಮ್ನೆ ನಂಬರ್ ಬದಲಾಯಿಸುತ್ತಾ ಕೂತರೆ ಆ ಸಮಯ ಕೈತಪ್ಪುತ್ತದೆ.

ಹೆಜ್ಜೆ 3: ಪವರ್ ಬದಲಾಯಿಸುವ ಲೆಕ್ಕ

ಗಾಜು ಕಣ್ಣಿಗೆ ಹತ್ತಿರ ಬಂದಂತೆ ಬೇಕಾಗುವ ಪವರ್ ಬದಲಾಗುತ್ತದೆ. ಮೈನಸ್ ಆದರೆ ಕಡಿಮೆ ಸಾಕು, ಪ್ಲಸ್ ಆದರೆ ಜಾಸ್ತಿ ಬೇಕು. ಸೂತ್ರ ಇಷ್ಟು:

ಲೆನ್ಸ್ ಪವರ್ = ಕನ್ನಡಕದ ಪವರ್ ÷ (1 − ದೂರ × ಕನ್ನಡಕದ ಪವರ್)

ದೂರವನ್ನು ಮೀಟರ್‌ನಲ್ಲಿ ಹಾಕಬೇಕು. 12 ಮಿ.ಮೀ. ಅಂದರೆ 0.012.

ಬಲಗಣ್ಣು: 1 − 0.012 × (−8.00) ಅಂದರೆ 1.096. −8.00ನ್ನು ಅದರಿಂದ ಭಾಗಿಸಿದರೆ −7.30. ಲೆನ್ಸ್‌ಗಳು ಕಾಲು ಕಾಲು ಪವರಿನಲ್ಲಿ ಬರುವುದರಿಂದ −7.25. ಚೀಟಿಯಲ್ಲಿದ್ದ −8.00ನ್ನೇ ತಂದು ಹಾಕಿಕೊಂಡಿದ್ದರೆ ಮುಕ್ಕಾಲು ಪವರ್ ಜಾಸ್ತಿ ಆಗುತ್ತಿತ್ತು. ದೂರಕ್ಕೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಕಣ್ಣು ದಿನವಿಡೀ ಸೆಣಸಿ ಸಂಜೆಗೆ ತಲೆನೋವು ತರುತ್ತದೆ. ಚೆನ್ನಾಗಿ ಕಾಣುತ್ತಿದೆ ಅನ್ನುವುದರಿಂದ ಪವರ್ ಸರಿ ಇದೆ ಅಂತ ತಿಳಿಯಬಾರದು.

ಎಡಗಣ್ಣಿನಲ್ಲಿ ಸಿಲಿಂಡರ್ ಇದೆ. ಇಲ್ಲಿ ಎರಡು ದಿಕ್ಕನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು. ಒಂದು ದಿಕ್ಕಿನಲ್ಲಿ −5.50, ಅದು −5.16 ಆಗುತ್ತದೆ. ಇನ್ನೊಂದು ದಿಕ್ಕಿನಲ್ಲಿ −5.50ಕ್ಕೆ −2.00 ಸೇರಿ −7.50, ಅದು −6.88 ಆಗುತ್ತದೆ. ಎರಡರ ವ್ಯತ್ಯಾಸ 1.72. ಅಂದರೆ ಲೆನ್ಸ್ −5.25, ಸಿಲಿಂಡರ್ −1.75, ಆಕ್ಸಿಸ್ 170. ನೋಡಿ, ಸಿಲಿಂಡರ್ ಕೂಡ ಇಳಿಯಿತು. ಬಹಳಷ್ಟು ಕಂಪನಿಗಳ ಸಾಫ್ಟ್ ಲೆನ್ಸ್‌ನಲ್ಲಿ ಸಿಲಿಂಡರ್ 0.75, 1.25, 1.75, 2.25 ಹೀಗೆ ಅರ್ಧ ಅರ್ಧ ಏರುತ್ತದೆ. ನಮ್ಮ ಲೆಕ್ಕ ಅದಕ್ಕೆ ಸರಿಯಾಗಿ ಕೂತಿತು. ಕೂರದಿದ್ದರೆ ಸಾಮಾನ್ಯವಾಗಿ ಕಡಿಮೆ ಇರುವುದನ್ನೇ ಮೊದಲು ಹಾಕಿ ನೋಡುತ್ತೇವೆ.

ಪವರ್ 4ಕ್ಕಿಂತ ಕಡಿಮೆ ಇದ್ದರೆ ಈ ವ್ಯತ್ಯಾಸ ಕಾಲು ಪವರಿಗೂ ಮುಟ್ಟುವುದಿಲ್ಲ, ಬಿಟ್ಟುಬಿಡಬಹುದು. 4 ದಾಟಿದ ಮೇಲೆ ಬಿಡುವಂತಿಲ್ಲ. +8.00 ಇದ್ದವರಿಗೆ ಲೆಕ್ಕ +8.85ಕ್ಕೆ ಹೋಗುತ್ತದೆ.

ಹೆಜ್ಜೆ 4: ಡಬ್ಬಿಯ ಮೇಲಿನ ಅಂಕಿಗಳು, ಲೆನ್ಸ್‌ನ ವಸ್ತು

ಡಬ್ಬಿಯ ಮೇಲೆ ಪವರಿನ ಜೊತೆ ಇನ್ನೆರಡು ಅಂಕಿ ಇರುತ್ತವೆ. BC (ಬಿ.ಸಿ.) 8.6 ಅಂತ ಇದ್ದರೆ ಅದು ಬೇಸ್ ಕರ್ವ್, ಲೆನ್ಸ್‌ನ ಹಿಂಬದಿಯ ಬಾಗಿನ ತ್ರಿಜ್ಯ, ಮಿ.ಮೀ.ನಲ್ಲಿ. ಅಂಕಿ ಚಿಕ್ಕದಾದಷ್ಟೂ ಬಾಗು ಜಾಸ್ತಿ. ಡಿಐಎ 14.2 ಅಂದರೆ ಲೆನ್ಸ್‌ನ ಅಗಲ. ಕಾರ್ನಿಯಾದ ಅಗಲ ಸಾಮಾನ್ಯವಾಗಿ 12 ಮಿ.ಮೀ.ಗೆ ಸ್ವಲ್ಪ ಕಡಿಮೆ ಇರುತ್ತದೆ, ಸಾಫ್ಟ್ ಲೆನ್ಸ್ ಅದನ್ನು ಪೂರ್ತಿ ಮುಚ್ಚಿ ಸುತ್ತಲೂ ಒಂದು ಮಿ.ಮೀ.ಗೂ ಹೆಚ್ಚು ಬಿಳಿಭಾಗದ ಮೇಲೆ ಹರಡಬೇಕು.

ಒಂದು ಮಾತು ಸರಿಯಾಗಿ ಗಮನಿಸಿ. ಎರಡು ಕಂಪನಿಯ ಲೆನ್ಸ್‌ಗಳಲ್ಲಿ 8.6 ಮತ್ತು 14.2 ಒಂದೇ ಇದ್ದರೂ ಕಣ್ಣಿನ ಮೇಲೆ ಎರಡೂ ಒಂದೇ ಥರ ಕೂರುವುದಿಲ್ಲ. ಅಂಚಿನ ಆಕಾರ ಬೇರೆ, ದಪ್ಪ ಬೇರೆ, ವಸ್ತುವಿನ ಗಡಸುತನ ಬೇರೆ. "ಅದೇ ಸೈಜು, ಬೇರೆ ಬ್ರ್ಯಾಂಡ್, ಆಫರ್‌ನಲ್ಲಿದೆ" ಅಂತ ಬದಲಾಯಿಸಿದರೆ ಫಿಟಿಂಗ್ ಮತ್ತೆ ಮೊದಲಿಂದ ನೋಡಬೇಕು.

ವಸ್ತುವಿನ ವಿಷಯಕ್ಕೆ ಬಂದರೆ ಮುಖ್ಯ ಪ್ರಶ್ನೆ ಆಮ್ಲಜನಕದ್ದು. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಎಚ್ಚರ ಇದ್ದಾಗ ಅದು ಆಮ್ಲಜನಕವನ್ನು ನೇರವಾಗಿ ಗಾಳಿಯಿಂದ, ಕಣ್ಣೀರಿನ ಮೂಲಕ ಪಡೆಯುತ್ತದೆ. ಲೆನ್ಸ್ ಹಾಕಿದರೆ ಆ ದಾರಿಗೆ ಅಡ್ಡ ಇಟ್ಟಂತೆ. ಜೆಕ್ ವಿಜ್ಞಾನಿ ಒಟ್ಟೊ ವಿಖ್ಟರ್ಲೆ 1961ರಲ್ಲಿ ಮನೆಯಲ್ಲೇ, ಮಕ್ಕಳ ಮೆಕ್ಯಾನೊ ಥರದ ಆಟಿಕೆ ಸೆಟ್ ಮತ್ತು ಸೈಕಲ್ ಡೈನಮೊ ಬಳಸಿ ಯಂತ್ರ ಕಟ್ಟಿ ಸಾಫ್ಟ್ ಲೆನ್ಸ್‌ಗಳನ್ನು ತಯಾರಿಸಿದರು. 1971ರಲ್ಲಿ ಅಮೆರಿಕದಲ್ಲಿ ಅವು ಮಾರಾಟಕ್ಕೆ ಒಪ್ಪಿಗೆ ಪಡೆದವು. ಅದರ ಹೆಮಾ ಅನ್ನುವ ವಸ್ತು ಮೆತ್ತಗಿತ್ತು, ನೀರು ಹೀರುತ್ತಿತ್ತು, ಆದರೆ ಆಮ್ಲಜನಕವನ್ನು ಒಳಗೆ ಬಿಡುವುದು ಬಹಳ ಕಡಿಮೆ. 1999ರ ಸುಮಾರಿಗೆ ಬಂದ ಸಿಲಿಕೋನ್ ಹೈಡ್ರೊಜೆಲ್ ಈ ಕೊರತೆಯನ್ನು ತುಂಬಿತು. ಇವತ್ತು ದಿನವಿಡೀ ಹಾಕುವವರು, ಅದರಲ್ಲೂ ದೊಡ್ಡ ಪವರಿನವರು, ಇದನ್ನೇ ಕೇಳಿ ತಗೊಳ್ಳಬೇಕು.

ದೊಡ್ಡ ಪವರಿನವರು ಅಂತ ಒತ್ತಿ ಹೇಳಲು ಕಾರಣ ಇದೆ. ಕಂಪನಿಗಳು ಕೊಡುವ ಆಮ್ಲಜನಕದ ಅಂಕಿ ಸಾಮಾನ್ಯವಾಗಿ −3.00 ಲೆನ್ಸ್‌ನ ನಡುಮಧ್ಯದ್ದು. ಮೈನಸ್ ಲೆನ್ಸ್ ಮಧ್ಯದಲ್ಲಿ ತೆಳು, ಅಂಚಿನ ಕಡೆ ದಪ್ಪ. ನಮ್ಮ −7.25 ಲೆನ್ಸ್‌ನ ಅಂಚಿನ ಹತ್ತಿರ ಒಳಗೆ ಹೋಗುವ ಆಮ್ಲಜನಕ ಆ ಅಂಕಿಗಿಂತ ಎಷ್ಟೋ ಕಡಿಮೆ. ಅಲ್ಲೇ, ಕಪ್ಪು ಬಿಳಿ ಸೇರುವ ಸುತ್ತಿನಲ್ಲಿ, ಮೊದಲು ಕೆಂಪಾಗುವುದು. ವರ್ಷಗಟ್ಟಲೆ ಹಾಗೇ ಬಿಟ್ಟರೆ ಸಣ್ಣ ರಕ್ತನಾಳಗಳು ಕಾರ್ನಿಯಾದೊಳಗೆ ಹಬ್ಬುತ್ತವೆ.

ಡೈಲಿಯಾ, ಮಂತ್ಲಿಯಾ? ವಾರಕ್ಕೆ ಎರಡು ಮೂರು ದಿನ ಹಾಕುವವರಿಗೆ, ಧೂಳಿನ ಅಲರ್ಜಿ ಇರುವವರಿಗೆ ಡೈಲಿ ಬಿಟ್ಟು ಬೇರೆ ಯೋಚನೆ ಬೇಡ. ಹಾಕು, ಸಂಜೆ ಎಸೆ. ಮಂತ್ಲಿ ಅಂದರೆ ಪ್ಯಾಕ್ ಒಡೆದ ದಿನದಿಂದ 30 ದಿನ, 30 ಸಲ ಹಾಕುವುದಲ್ಲ.

ಹೆಜ್ಜೆ 5: ಟ್ರಯಲ್ ಲೆನ್ಸ್ ಹಾಕಿ ನೋಡುವುದು

ಫಿಟಿಂಗ್ ಅಂದರೆ ನಿಜವಾಗಿ ಇದೇ. ಕೆರಟೊಮೀಟರ್‌ನಲ್ಲಿ ಕಾರ್ನಿಯಾದ ಬಾಗು ಅಳೆಯುತ್ತಾರೆ. ತ್ರಿಜ್ಯ 7.8 ಮಿ.ಮೀ. ಇದ್ದರೆ 337.5ನ್ನು ಅದರಿಂದ ಭಾಗಿಸಿ 43.25 ಡಯಾಪ್ಟರ್ ಅನ್ನುತ್ತಾರೆ. ಆದರೆ ಸಾಫ್ಟ್ ಲೆನ್ಸ್ ಕಾರ್ನಿಯಾದ ಮಧ್ಯಭಾಗದ ಬಾಗೊಂದನ್ನೇ ನೋಡಿ ಕೂರುವುದಿಲ್ಲ, ಅಂಚಿನ ತನಕದ ಒಟ್ಟು ಎತ್ತರ ನೋಡಿ ಕೂರುತ್ತದೆ. ಹಾಗಾಗಿ ಅಳತೆ ಬರೀ ಶುರು ಮಾಡಲು. ತೀರ್ಮಾನ ಲೆನ್ಸ್ ಕಣ್ಣಿನ ಮೇಲೆ ಕೂತ ಮೇಲೆ.

ಲೆನ್ಸ್ ಹಾಕಿ ಕನಿಷ್ಠ ಹತ್ತು ಹದಿನೈದು ನಿಮಿಷ ಬಿಡಬೇಕು. ಕಣ್ಣೀರು ಇಳಿದು, ಕಣ್ಣಿನ ಶಾಖಕ್ಕೆ ಲೆನ್ಸ್ ಹೊಂದಿಕೊಳ್ಳಬೇಕು. ಆಮೇಲೆ ಸ್ಲಿಟ್ ಲ್ಯಾಂಪ್‌ನಲ್ಲಿ ಮೂರು ವಿಷಯ ನೋಡಬೇಕು.

ಒಂದು, ಯಾವ ಕಡೆ ನೋಡಿದರೂ ಕಾರ್ನಿಯಾ ಪೂರ್ತಿ ಮುಚ್ಚಿದೆಯಾ. ಎರಡು, ಲೆನ್ಸ್ ಮಧ್ಯಕ್ಕೆ ಕೂತಿದೆಯಾ. ಮೂರು, ರೆಪ್ಪೆ ಬಡಿದಾಗ ಲೆನ್ಸ್ ಅಲುಗುತ್ತದಾ. ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಸಾಫ್ಟ್ ಲೆನ್ಸ್ ಸುಮಾರು 0.2ರಿಂದ 0.5 ಮಿ.ಮೀ. ಮೇಲೆ ಕೆಳಗೆ ಅಲುಗಬೇಕು, ಆಗ ಅದರ ಕೆಳಗಿನ ಕಸ, ಸತ್ತ ಜೀವಕೋಶ ಹೊರಗೆ ಬರುತ್ತದೆ. ಕಣ್ಣಿಗೆ ಕಾಣುವ ಅಲುಗಾಟ ಸಾಲದಿದ್ದರೆ ಕೆಳರೆಪ್ಪೆಯಿಂದ ಲೆನ್ಸನ್ನು ಮೆಲ್ಲಗೆ ಮೇಲಕ್ಕೆ ನೂಕಿ ಬಿಡುತ್ತಾರೆ. ಅದು ಸಲೀಸಾಗಿ ಸರಿದು ಸಲೀಸಾಗಿ ವಾಪಸ್ ಬಂದರೆ ಸರಿ. ಕದಲದೇ ಇದ್ದರೆ ಬಿಗಿ.

ಬಿಗಿ ಲೆನ್ಸ್‌ನ ಬಗ್ಗೆ ನನಗೆ ಹೆಚ್ಚು ಭಯ. ಯಾಕೆ ಅಂದರೆ ಅದು ಮೊದಲ ದಿನ ತುಂಬಾ ಹಿತವಾಗಿರುತ್ತದೆ. ಅಲುಗದ ಲೆನ್ಸ್ ಚುಚ್ಚುವುದಿಲ್ಲ, ಹಾಕಿಕೊಂಡವರು ಖುಷಿಯಾಗಿ ಮನೆಗೆ ಹೋಗುತ್ತಾರೆ. ಸಂಜೆಗೆ ಕಣ್ಣು ಕೆಂಪು, ತೆಗೆದಾಗ ಬಿಳಿಭಾಗದ ಮೇಲೆ ಉಂಗುರದ ಗುರುತು. ಸಡಿಲ ಲೆನ್ಸ್ ಆದರೆ ಮೊದಲ ನಿಮಿಷದಿಂದಲೇ ಕಿರಿಕಿರಿ, ಹಾಗಾಗಿ ತಕ್ಷಣ ಸಿಕ್ಕಿಬೀಳುತ್ತದೆ. ಮನೆಯಲ್ಲೂ ಒಂದು ಸುಳಿವು ಸಿಗುತ್ತದೆ: ರೆಪ್ಪೆ ಬಡಿದ ಕೂಡಲೇ ಸ್ಪಷ್ಟ ಕಂಡು ಆಮೇಲೆ ಮಸುಕಾಗುತ್ತಿದ್ದರೆ ಬಿಗಿ ಇರಬಹುದು. ರೆಪ್ಪೆ ಬಡಿದ ಕೂಡಲೇ ಮಸುಕಾಗಿ ಆಮೇಲೆ ತಿಳಿಯಾದರೆ ಸಡಿಲ ಇರಬಹುದು. ಕಣ್ಣು ಒಣಗಿದ್ದರೂ ಮೊದಲನೆಯದರ ಹಾಗೇ ಆಗುತ್ತದೆ, ಅದಕ್ಕೇ ತೋರಿಸಿ ಖಚಿತ ಮಾಡಿಕೊಳ್ಳಬೇಕು.

ಫಿಟಿಂಗ್ ಸರಿ ಆದ ಮೇಲೆ, ಲೆನ್ಸ್ ಹಾಕಿಕೊಂಡೇ ಇರುವಾಗ ಪವರ್ ಇನ್ನೊಮ್ಮೆ ಪರೀಕ್ಷಿಸಬೇಕು. ಸೂತ್ರದ ಲೆಕ್ಕ ಎಷ್ಟೇ ಸರಿ ಇದ್ದರೂ ಕೊನೆಯ ಮಾತು ಈ ಪರೀಕ್ಷೆಯದ್ದು.

ಸಿಲಿಂಡರ್ ಇರುವ ಕಣ್ಣು

ಕನ್ನಡಕದಲ್ಲಿ ಸಿಲಿಂಡರ್ ಗಾಜನ್ನು ಫ್ರೇಮ್ ಹಿಡಿದಿರುತ್ತದೆ, ಆಕ್ಸಿಸ್ ಬದಲಾಗುವುದಿಲ್ಲ. ಕಣ್ಣಿನ ಮೇಲೆ ಲೆನ್ಸ್ ದುಂಡಗಿದೆ, ಅದು ತಿರುಗಬಾರದು ಅಂದರೆ ಏನೋ ಉಪಾಯ ಬೇಕು. ಸಿಲಿಂಡರ್ ಪವರಿನ ಲೆನ್ಸ್‌ಗೆ ಟೋರಿಕ್ ಲೆನ್ಸ್ ಅನ್ನುತ್ತಾರೆ. ಅದರ ಕೆಳಭಾಗವನ್ನು ದಪ್ಪ ಮಾಡುತ್ತಾರೆ, ಇಲ್ಲವೇ ಮೇಲೆ ಕೆಳಗೆ ತೆಳು ಮಾಡಿ ಪಕ್ಕಗಳಲ್ಲಿ ದಪ್ಪ ಇಡುತ್ತಾರೆ. ರೆಪ್ಪೆಗಳ ಒತ್ತಡವೇ ಅದನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಲೆನ್ಸ್ ಮೇಲೆ ಸಣ್ಣ ಗುರುತು ಕೊರೆದಿರುತ್ತದೆ, ಅದು ಎಲ್ಲಿ ನಿಂತಿದೆ ಅಂತ ಸ್ಲಿಟ್ ಲ್ಯಾಂಪ್‌ನಲ್ಲಿ ಕಾಣುತ್ತದೆ.

ನಮ್ಮ ಚೀಟಿಯ ಎಡಗಣ್ಣಿಗೆ 170ರ ಲೆನ್ಸ್ ಹಾಕಿದೆವು ಅನ್ನಿ. ಗಡಿಯಾರದ 6ರ ಜಾಗದಲ್ಲಿ ಇರಬೇಕಾದ ಗುರುತು, ಪರೀಕ್ಷೆ ಮಾಡುವವರ ಎಡಕ್ಕೆ 10 ಡಿಗ್ರಿ ಸರಿದು ನಿಂತಿದೆ. ನಿಯಮ ಸುಲಭ: ಎಡಕ್ಕೆ ಸರಿದರೆ ಕೂಡಿಸು, ಬಲಕ್ಕೆ ಸರಿದರೆ ಕಳೆ. 170ಕ್ಕೆ 10 ಕೂಡಿಸಿ 180ರ ಲೆನ್ಸ್ ತರಿಸಬೇಕು. ಅದೂ ಹಾಗೇ 10 ಡಿಗ್ರಿ ತಿರುಗಿ ನಿಂತಾಗ ಆಕ್ಸಿಸ್ ಕಣ್ಣಿಗೆ ಬೇಕಾದ 170ಕ್ಕೆ ಸರಿಯಾಗಿ ಕೂರುತ್ತದೆ. ಆದರೆ ಪ್ರತಿ ರೆಪ್ಪೆಬಡಿತಕ್ಕೂ ಗುರುತು ಒಂದೊಂದು ಕಡೆ ಓಡಾಡುತ್ತಿದ್ದರೆ ಈ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಆಗ ಬೇರೆ ವಿನ್ಯಾಸದ ಲೆನ್ಸೇ ಬೇಕು.

ಇನ್ನೊಂದು ದಾರಿ ಇದೆ, ಗಟ್ಟಿ ಲೆನ್ಸ್. ಆರ್‌ಜಿಪಿ ಅನ್ನುತ್ತೇವೆ. ಸಾಮಾನ್ಯವಾಗಿ 9ರಿಂದ 10 ಮಿ.ಮೀ. ಅಗಲ, ಕಾರ್ನಿಯಾಕ್ಕಿಂತ ಚಿಕ್ಕದು. ಸಾಫ್ಟ್ ಲೆನ್ಸ್ ಕಾರ್ನಿಯಾದ ಆಕಾರಕ್ಕೇ ಬಾಗುತ್ತದೆ, ಇದು ಬಾಗುವುದಿಲ್ಲ. ಲೆನ್ಸ್ ಮತ್ತು ಕಾರ್ನಿಯಾದ ನಡುವಿನ ಸಂದಿಯಲ್ಲಿ ಕಣ್ಣೀರು ತುಂಬಿಕೊಂಡು ತಾನೇ ಒಂದು ಲೆನ್ಸ್ ಆಗುತ್ತದೆ, ಕಾರ್ನಿಯಾದ ಸಿಲಿಂಡರನ್ನು ಸುಮಾರು ಶೇ. 90ರಷ್ಟು ಅಳಿಸಿಬಿಡುತ್ತದೆ. ಆಕ್ಸಿಸ್ ತಿರುಗುವ ಚಿಂತೆಯೇ ಇಲ್ಲ.

ಅದೇ ಎಡಗಣ್ಣಿನ ಕೆರಟೊಮೀಟರ್ ಅಳತೆ 42.75 ಮತ್ತು 44.75 ಇದೆ ಅಂದುಕೊಳ್ಳಿ. ಚಪ್ಪಟೆ ದಿಕ್ಕಿನ 42.75 ಅಂದರೆ 7.90 ಮಿ.ಮೀ. ಅದಕ್ಕಿಂತ ಸ್ವಲ್ಪ ಬಾಗಿರುವ 7.85ರ ಲೆನ್ಸ್ ಆರಿಸಿದೆವು. 0.05 ಮಿ.ಮೀ. ಬಾಗು ಹೆಚ್ಚಾದರೆ ಕಣ್ಣೀರಿನ ಲೆನ್ಸ್ ಸುಮಾರು +0.25 ಆಗುತ್ತದೆ. ಅದನ್ನು ಸರಿದೂಗಿಸಲು −5.25ಕ್ಕೆ ಇನ್ನೂ −0.25 ಸೇರಿಸಿ −5.50 ಕೊಡಬೇಕು. ಸಿಲಿಂಡರ್ ಬೇಕಿಲ್ಲ. ಫಿಟಿಂಗ್ ನೋಡುವುದು ಫ್ಲೋರಸೀನ್ ಹಾಕಿ ನೀಲಿ ಬೆಳಕಲ್ಲಿ: ಮಧ್ಯದಲ್ಲಿ ಹಸಿರು ಮಡುಗಟ್ಟಿದ್ದರೆ ಬಾಗು ಜಾಸ್ತಿ, ಮಧ್ಯ ಕಪ್ಪಾಗಿ ಸುತ್ತ ಹಸಿರು ಇದ್ದರೆ ಚಪ್ಪಟೆ ಜಾಸ್ತಿ, ತೆಳುವಾಗಿ ಸಮನಾಗಿ ಹರಡಿ ಅಂಚಿನಲ್ಲಿ ಮಾತ್ರ ಒಂದು ಹಸಿರು ಪಟ್ಟಿ ಇದ್ದರೆ ಸರಿ. ಈ ಬಣ್ಣವನ್ನು ಸಾಫ್ಟ್ ಲೆನ್ಸ್ ಮೇಲೆ ಹಾಕಬಾರದು, ಲೆನ್ಸೇ ಬಣ್ಣ ಹೀರಿಕೊಳ್ಳುತ್ತದೆ.

ಗಟ್ಟಿ ಲೆನ್ಸ್‌ಗೆ ಒಗ್ಗಿಕೊಳ್ಳಲು ದಿನಗಳು ಬೇಕು, ಮೊದಮೊದಲು ರೆಪ್ಪೆಗೆ ತಾಗುತ್ತಲೇ ಇರುತ್ತದೆ. ಆದರೆ ಅದರ ದೃಷ್ಟಿಯ ಸ್ಪಷ್ಟತೆಗೆ ಸಾಟಿ ಇಲ್ಲ. ಕೆರಟೊಕೋನಸ್ ಇರುವವರಿಗೆ ಕನ್ನಡಕದಲ್ಲಿ ಸಿಗದ ದೃಷ್ಟಿ ಇದರಲ್ಲಿ ಸಿಗುತ್ತದೆ. ಅದೂ ಕೂರದಷ್ಟು ಕಾರ್ನಿಯಾ ಚೂಪಾಗಿದ್ದರೆ ಸ್ಕ್ಲೀರಲ್ ಲೆನ್ಸ್ ಇದೆ. ಅದು ಕಾರ್ನಿಯಾವನ್ನು ಮುಟ್ಟುವುದೇ ಇಲ್ಲ, ಬಿಳಿಭಾಗದ ಮೇಲೆ ಕೂತು, ಒಳಗೆ ಪ್ರಿಸರ್ವೇಟಿವ್ ಇಲ್ಲದ ಸಲೈನ್ (ಕ್ರಿಮಿರಹಿತ ಉಪ್ಪುನೀರಿನ ದ್ರಾವಣ) ತುಂಬಿಕೊಂಡಿರುತ್ತದೆ. ನಂಬರ್ ಬೋರ್ಡ್ ಓದಲಾಗದೆ ಬಸ್ ತಪ್ಪಿಸಿಕೊಳ್ಳುತ್ತಿದ್ದ ಹುಡುಗರು ಈ ಲೆನ್ಸ್ ಹಾಕಿಕೊಂಡು ಓದು ಮುಗಿಸಿ ಕೆಲಸಕ್ಕೆ ಸೇರಿದ್ದನ್ನು ನೋಡಿದ್ದೇನೆ.

ನಲವತ್ತು ದಾಟಿದವರು

ಚಾಳೀಸು ಬಂದವರಿಗೆ ಮೂರು ದಾರಿ: ಲೆನ್ಸ್ ಮೇಲೆ ಓದುವ ಕನ್ನಡಕ, ಒಂದು ಕಣ್ಣಿಗೆ ದೂರದ್ದು ಇನ್ನೊಂದಕ್ಕೆ ಹತ್ತಿರದ್ದು, ಇಲ್ಲವೇ ಮಲ್ಟಿಫೋಕಲ್ ಲೆನ್ಸ್. ಮಲ್ಟಿಫೋಕಲ್‌ನಲ್ಲಿ ದೂರ, ಹತ್ತಿರ ಎರಡರ ಬೆಳಕೂ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ, ಬೇಕಾದ್ದನ್ನು ಮಿದುಳು ಆರಿಸಿಕೊಳ್ಳುತ್ತದೆ. ರಾತ್ರಿ ಹೆದ್ದಾರಿಯಲ್ಲಿ ಗಾಡಿ ಓಡಿಸುವವರಿಗೆ ಇದರಲ್ಲಿ ದೀಪಗಳ ಸುತ್ತ ಪ್ರಭೆ ಕಾಣಬಹುದು, ಟ್ರಯಲ್ ಹಾಕಿಕೊಂಡು ಒಂದು ರಾತ್ರಿ ನೋಡಿಯೇ ತಗೊಳ್ಳಿ.

ಹೆಜ್ಜೆ 6: ಹಾಕುವುದು, ತೆಗೆಯುವುದು

ಇದನ್ನು ಕ್ಲಿನಿಕ್‌ನಲ್ಲೇ, ನಿಮ್ಮ ಕೈಯಾರೆ ಮಾಡಿ ತೋರಿಸಿದ ಮೇಲೆಯೇ ಲೆನ್ಸ್ ಮನೆಗೆ ತಗೊಂಡು ಹೋಗಬೇಕು.

1. ಸೋಪಿನಲ್ಲಿ ಕೈ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಒದ್ದೆ ಕೈ ಬೇಡ. ಹಸಿಮೆಣಸಿನಕಾಯಿ ಹೆಚ್ಚಿದ ಕೈಯನ್ನು ಎಷ್ಟು ತೊಳೆದರೂ ಖಾರ ಪೂರ್ತಿ ಹೋಗುವುದಿಲ್ಲ, ಅಡುಗೆ ಮನೆಗೆ ಹೋಗುವ ಮೊದಲೇ ಲೆನ್ಸ್ ಹಾಕಿಕೊಳ್ಳಿ. ತೆಗೆಯುವುದು ಸಂಜೆ ಆದ್ದರಿಂದ ಆವತ್ತು ಮೆಣಸಿನಕಾಯಿ ಮುಟ್ಟದಿದ್ದರೆ, ಇಲ್ಲವೇ ಗ್ಲೌಸ್ ಹಾಕಿಕೊಂಡರೆ ಒಳ್ಳೆಯದು.

2. ಯಾವಾಗಲೂ ಬಲಗಣ್ಣಿನಿಂದಲೇ ಶುರು ಮಾಡಿ. ನಮ್ಮ ಚೀಟಿಯವರಂತೆ ಎರಡು ಕಣ್ಣಿಗೂ ಬೇರೆ ಪವರ್ ಇದ್ದರೆ ಅದಲು ಬದಲಾಗುವುದನ್ನು ಇದೊಂದೇ ಅಭ್ಯಾಸ ತಪ್ಪಿಸುತ್ತದೆ.

3. ಲೆನ್ಸನ್ನು ಬೆರಳ ತುದಿಯಲ್ಲಿಟ್ಟು ಪಕ್ಕದಿಂದ ನೋಡಿ. ಬಟ್ಟಲಿನ ಹಾಗೆ ಅಂಚು ನೆಟ್ಟಗೆ ಮೇಲೆ ಹೋಗಿದ್ದರೆ ಸರಿ. ಅಂಚು ಹೊರಕ್ಕೆ ಬಾಗಿದ್ದರೆ ಉಲ್ಟಾ ಆಗಿದೆ.

4. ಅದೇ ಕೈಯ ನಡುಬೆರಳಿನಿಂದ ಕೆಳರೆಪ್ಪೆ, ಇನ್ನೊಂದು ಕೈಯಿಂದ ಮೇಲಿನ ರೆಪ್ಪೆ. ಮೇಲಿನದನ್ನು ರೆಪ್ಪೆಗೂದಲಿನ ಬುಡದಲ್ಲೇ ಹಿಡಿಯಿರಿ. ಹುಬ್ಬಿನ ಹತ್ತಿರ ಹಿಡಿದರೆ ಅದು ಜಾರಿ ಬಡಿದೇ ಬಡಿಯುತ್ತದೆ, ಹೊಸಬರು ಸೋಲುವುದು ಇಲ್ಲೇ.

5. ಲೆನ್ಸ್ ಮುಟ್ಟಿಸಿ, ಕೆಳಗೆ ನೋಡಿ, ಮೆಲ್ಲಗೆ ರೆಪ್ಪೆ ಬಿಡಿ.

ತೆಗೆಯುವಾಗ ಮೇಲೆ ನೋಡುತ್ತಾ ಲೆನ್ಸನ್ನು ಬಿಳಿಭಾಗಕ್ಕೆ ಜಾರಿಸಿ, ಆಮೇಲೆ ಹೆಬ್ಬೆರಳು ತೋರುಬೆರಳಿನಿಂದ ಮೆಲ್ಲಗೆ ಚಿವುಟಿ ತೆಗೆಯಿರಿ. ಕಾರ್ನಿಯಾದ ಮೇಲೇ ಚಿವುಟಬೇಡಿ. ಲೆನ್ಸ್ ಕಣ್ಣಿನ ಹಿಂದಕ್ಕೆ ಹೋಗಿ ಕಳೆದುಹೋಗುತ್ತದೆ ಅನ್ನುವ ಭಯ ಬೇಡ, ರೆಪ್ಪೆಯ ಒಳಪದರ ಅಲ್ಲೇ ಮಡಚಿಕೊಂಡು ಬಿಳಿಭಾಗಕ್ಕೆ ಸೇರಿರುವುದರಿಂದ ಹಿಂದಕ್ಕೆ ದಾರಿಯೇ ಇಲ್ಲ. ಕಾಡಿಗೆ, ಮೇಕಪ್ ಲೆನ್ಸ್ ಹಾಕಿದ ಮೇಲೆ. ಒಳಅಂಚಿಗೆ ಕಾಡಿಗೆ ತೀಡುವುದನ್ನು ಬಿಟ್ಟರೆ ಒಳ್ಳೆಯದು, ಅದು ಲೆನ್ಸ್ ಮೇಲೆ ಕೂರುತ್ತದೆ.

ಹೆಜ್ಜೆ 7: ನೀರು, ನಿದ್ದೆ, ಸೊಲ್ಯೂಷನ್

ನೀರು ಲೆನ್ಸ್ ಮುಟ್ಟಬಾರದು. ನಲ್ಲಿ ನೀರು, ಸಂಪಿನ ನೀರು, ಬೋರ್‌ವೆಲ್ ನೀರು, ಬಾಟಲಿ ನೀರು, ಯಾವುದೂ. ಅಕಾಂತಮೀಬಾ ಅನ್ನುವ ಸೂಕ್ಷ್ಮಜೀವಿ ಇಂಥ ನೀರಿನಲ್ಲೇ ಇರುತ್ತದೆ. ಅದು ಕಾರ್ನಿಯಾಕ್ಕೆ ಹೊಕ್ಕರೆ ತಿಂಗಳುಗಟ್ಟಲೆ ಔಷಧಿ, ದೃಷ್ಟಿ ಹೋಗುವ ಅಪಾಯ. ಹಾಗಾಗಿ ಸ್ನಾನಕ್ಕೆ, ಈಜಿಗೆ, ಬಾವಿ ಕೆರೆಗೆ ಇಳಿಯುವಾಗ ಲೆನ್ಸ್ ಬೇಡ. ಲೆನ್ಸ್‌ನ ಕೇಸನ್ನೂ ನೀರಿನಲ್ಲಿ ತೊಳೆಯಬಾರದು, ಲೆನ್ಸ್ ಸ್ವಚ್ಛ ಮಾಡಿ ಸೂಕ್ಷ್ಮಜೀವಿ ಕೊಲ್ಲುವ ಸೊಲ್ಯೂಷನ್‌ನಲ್ಲೇ ತೊಳೆದು, ಒರೆಸಿ, ಮುಚ್ಚಳ ತೆಗೆದು ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೆ ಮೊದಲೇ ಹೊಸ ಕೇಸ್.

ಮಲಗುವಾಗ ತೆಗೆಯಿರಿ. ಅಮೆರಿಕದಲ್ಲಿ 1989ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ, ಹಗಲು ಮಾತ್ರ ಸಾಫ್ಟ್ ಲೆನ್ಸ್ ಹಾಕುವ 10,000 ಜನರಲ್ಲಿ ವರ್ಷಕ್ಕೆ ಸುಮಾರು 4 ಜನಕ್ಕೆ ಕಾರ್ನಿಯಾದ ಹುಣ್ಣು ಆದರೆ, ರಾತ್ರಿಯೂ ಹಾಕಿಕೊಂಡೇ ಇರುವ ಲೆನ್ಸ್‌ನವರಲ್ಲಿ ಸುಮಾರು 20. ಸಿಲಿಕೋನ್ ಹೈಡ್ರೊಜೆಲ್ ಬಂದ ಮೇಲೂ ಮಲಗುವವರ ಅಪಾಯ ಇಳಿದಿಲ್ಲ. ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವವರು ಇದನ್ನು ಮರೆಯುತ್ತಾರೆ. "ಹತ್ತು ನಿಮಿಷ ಕಣ್ಣು ಮುಚ್ತೀನಿ" ಅಂದವರು ಎಚ್ಚರ ಆಗುವುದು ಬೆಳಗ್ಗೆ ಊರು ಬಂದಾಗಲೇ. ಆವತ್ತು ಕನ್ನಡಕದಲ್ಲೇ ಹತ್ತಿ.

ಮಂತ್ಲಿ ಲೆನ್ಸ್‌ನವರು ಪ್ರತಿ ಸಲ ತೆಗೆದ ಮೇಲೆ ಅಂಗೈಯಲ್ಲಿ ಹೊಸ ಸೊಲ್ಯೂಷನ್ ಹಾಕಿ ಬೆರಳಿನಿಂದ ಉಜ್ಜಬೇಕು, ಆಮೇಲೆ ತೊಳೆಯಬೇಕು. ಬಾಟಲಿ ಮೇಲೆ "ಉಜ್ಜುವುದು ಬೇಡ" ಅಂತ ಇದ್ದರೂ ಉಜ್ಜಿ. ಕೇಸ್‌ನಲ್ಲಿರುವ ನಿನ್ನೆಯ ಸೊಲ್ಯೂಷನ್‌ಗೆ ಇನ್ನಷ್ಟು ಸೇರಿಸುವುದು ತಪ್ಪು, ಪೂರ್ತಿ ಚೆಲ್ಲಿ ಹೊಸದು ಹಾಕಿ. ಸಲೈನ್ ಬೇರೆ, ಸೊಲ್ಯೂಷನ್ ಬೇರೆ. ಸಲೈನ್‌ನಿಂದ ತೊಳೆಯಬಹುದು, ಅದು ಸೂಕ್ಷ್ಮಜೀವಿ ಕೊಲ್ಲುವುದಿಲ್ಲ.

ಹೆಜ್ಜೆ 8: ತಿರುಗಿ ತೋರಿಸುವುದು, ಮತ್ತು ಕಣ್ಣು ಕೆಂಪಾದರೆ

ಮೊದಲ ದಿನ ನಾಲ್ಕು ಗಂಟೆ ಸಾಕು, ದಿನಕ್ಕೆ ಒಂದೆರಡು ಗಂಟೆ ಏರಿಸುತ್ತಾ ಹೋಗಿ. ವಾರ ಹತ್ತು ದಿನ ಆದ ಮೇಲೆ ಒಮ್ಮೆ ತೋರಿಸಿ. ಆ ದಿನ ಲೆನ್ಸ್ ಹಾಕಿಕೊಂಡೇ ಹೋಗಬೇಕು, ಅದೂ ಹಾಕಿ ಮೂರ್ನಾಲ್ಕು ಗಂಟೆ ಆದ ಮೇಲೆ. ಆಗ ಮಾತ್ರ ಬಿಗಿ ಆಗಿದೆಯಾ, ಒಣಗಿದೆಯಾ ಅಂತ ಗೊತ್ತಾಗುವುದು. ಆಮೇಲೆ ವರ್ಷಕ್ಕೆ ಒಮ್ಮೆಯಾದರೂ ತಪ್ಪಿಸಬೇಡಿ, ಏನೂ ತೊಂದರೆ ಇಲ್ಲದಿದ್ದರೂ. ಸರಿಯಾದ ಪವರಿನ ಕನ್ನಡಕ ಮಾತ್ರ ಯಾವಾಗಲೂ ಕೈಯಲ್ಲಿರಲಿ. ಕನ್ನಡಕ ಇಲ್ಲದವರೇ ಕೆಂಪು ಕಣ್ಣಿಗೂ ಲೆನ್ಸ್ ಹಾಕುವುದು.

ಕಣ್ಣು ಕೆಂಪು, ನೋವು, ಬೆಳಕು ನೋಡಲಾಗದಿರುವುದು, ನೀರು ಸೋರುವುದು, ದೃಷ್ಟಿ ಮಸುಕಾಗುವುದು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವುಗಳಲ್ಲಿ ಯಾವುದೇ ಒಂದು ಕಂಡರೂ ತಕ್ಷಣ ಲೆನ್ಸ್ ತೆಗೆಯಿರಿ. ತೆಗೆದ ಮೇಲೂ ನೋವು ಹೆಚ್ಚುತ್ತಿದ್ದರೆ ನಾಳೆಗೆ ಕಾಯಬೇಡಿ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ಹಾಕಿಕೊಳ್ಳಬೇಡಿ, ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದ ಹಾಗೆ ಕಂಡು ಒಳಗೆ ಹುಣ್ಣು ಬೆಳೆಯುತ್ತದೆ. ಸಿಟ್ಟಿನಲ್ಲಿ ಲೆನ್ಸ್, ಕೇಸ್, ಸೊಲ್ಯೂಷನ್ ಎಸೆಯಲೂ ಬೇಡಿ. ಇದ್ದ ಹಾಗೇ ಮುಚ್ಚಿ ಜೊತೆಗೆ ತಗೊಂಡು ಹೋಗಿ. ಹುಣ್ಣಿಗೆ ಕಾರಣವಾದ ಸೂಕ್ಷ್ಮಜೀವಿ ಯಾವುದು ಅಂತ ಲ್ಯಾಬ್‌ನಲ್ಲಿ ಎಷ್ಟೋ ಸಲ ಆ ಕೇಸ್‌ನಿಂದಲೇ ಪತ್ತೆಯಾಗುತ್ತದೆ, ಸರಿಯಾದ ಔಷಧಿಯೂ ಬೇಗ ಶುರುವಾಗುತ್ತದೆ.